‘ಜಾಗ ಚೆನ್ನಾಗಿದ್ದರೆ ಏನೂ ಆಗಲ್ಲ’ ಅಂತಾನೆ ತಮ್ಮ. ನಂಬಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಶಿವಮೊಗ್ಗ. ನನ್ನ ತಮ್ಮನಿಗೆ 21 ವರ್ಷ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾನೆ. ಮೂರು ವಾರದ ಹಿಂದೆ ಗೆಳೆಯರ ಜೊತೆ ಗೋಕರ್ಣಕ್ಕೆ ಹೋಗಿದ್ದ. ಅಲ್ಲಿ ‘ಸ್ಟಾಂಪ್’ ತಗೊಂಡಿದ್ದಾರೆ, ಅಂದರೆ ಎಲ್‌ಎಸ್‌ಡಿ ಅನ್ನೋ ನಶೆ ಪದಾರ್ಥ ಹಾಕಿ ನಾಲಿಗೆ ಮೇಲೆ ಇಡೋ ಕಾಗದದ ಚೂರಂತೆ. ಒಂದು ಗಂಟೆಯಾದರೂ ಏನೂ ಗೊತ್ತಾಗಲಿಲ್ಲ ಅಂತ ಇವನು ಇನ್ನೊಂದು ಇಟ್ಟುಕೊಂಡಿದ್ದಾನೆ. ಆಮೇಲೆ ಸತ್ತೇ ಹೋಗ್ತೀನಿ ಅಂತ ಕೂಗಾಡಿ, ಕತ್ತಲಲ್ಲಿ ಸಮುದ್ರದ ಕಡೆ ನಡೆದಿದ್ದಾನೆ. ಗೆಳೆಯರು ಎಳೆದುಕೊಂಡು ಬಂದು ಮೊಸರು, ನಿಂಬೆರಸ, ಕೊನೆಗೆ ಬಿಯರ್ ಕೂಡ ಕುಡಿಸಿ, ರೂಮಿಗೆ ಹೊರಗಿನಿಂದ ಚಿಲಕ ಹಾಕಿದ್ದಾರೆ. ಪೊಲೀಸರ ಭಯಕ್ಕೆ ಆಸ್ಪತ್ರೆಗೆ ಹೋಗಿಲ್ಲ. ಈಗಲೂ ಅವನಿಗೆ ಸರಿಯಾಗಿ ನಿದ್ದೆ ಬರಲ್ಲ. ಗಾಡಿ ಲೈಟಿನ ಹಿಂದೆ ಗೆರೆ ಎಳೆದ ಹಾಗೆ ಕಾಣುತ್ತೆ ಅಂತಾನೆ. ಇಷ್ಟಾದರೂ ರಜೆಯಲ್ಲಿ ಕೊಡೈಕೆನಾಲ್‌ಗೆ ಹೋಗಿ ನಶೆ ಬರೋ ಅಣಬೆ ತಿನ್ನೋ ಪ್ಲಾನ್ ಇದೆಯಂತೆ. ‘ಅವತ್ತು ಜಾಗ ಸರಿ ಇರಲಿಲ್ಲ, ಒಳ್ಳೆ ಜಾಗದಲ್ಲಿ ಒಳ್ಳೆ ಮೂಡಲ್ಲಿ ತಗೊಂಡ್ರೆ ಏನೂ ಆಗಲ್ಲ, ಫಾರಿನ್‌ನಲ್ಲಿ ಡಾಕ್ಟರ್‌ಗಳೇ ಕೊಡ್ತಾರೆ’ ಅಂತಾನೆ. ನಮ್ಮ ಸೋದರಮಾವ 25ನೇ ವಯಸ್ಸಿನಿಂದ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತಿದ್ದಾರೆ. ನನಗೆ ಅದೇ ಜಾಸ್ತಿ ಭಯ. ಇವನ ಮಿದುಳು ಹಾಳಾಗಿದೆಯಾ? ಅಪ್ಪ ಅಮ್ಮನಿಗೆ ಹೇಳಬೇಕಾ? ಡಾಕ್ಟರ್ ಹತ್ತಿರ ಹೋದರೆ ಕೇಸ್ ಆಗುತ್ತಾ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಸೋದರಮಾವನ ವಿಷಯ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಡೀ ಪತ್ರದಲ್ಲಿ ಅತಿ ಮುಖ್ಯವಾದ ಮಾತು ಅದೇ.

ನಿಮ್ಮ ತಮ್ಮ ಹೇಳುವುದು ಅರ್ಧ ನಿಜ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಂಥ ಕಡೆ ಸೈಲೋಸೈಬಿನ್ ಅನ್ನು, ಅಂದರೆ ಆ ಅಣಬೆಯಲ್ಲಿರುವ ರಾಸಾಯನಿಕವನ್ನು, ವೈದ್ಯರು ಪರೀಕ್ಷಿಸುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಅನುಮತಿ ಪಡೆದ ಮನೋವೈದ್ಯರು ಇದನ್ನು ಕೊಡಬಹುದು. ಆದರೆ ಇಂಥ ಪ್ರಯೋಗಗಳಿಗೆ ಯಾರನ್ನು ಸೇರಿಸಿಕೊಳ್ಳುತ್ತಾರೆ ಅನ್ನುವುದನ್ನು ಗೆಳೆಯರು ಅವನಿಗೆ ಹೇಳಿಲ್ಲ. ಮೊದಲು ಕೇಳುವ ಪ್ರಶ್ನೆಗಳಲ್ಲೇ ಒಂದು: ನಿಮಗೆ ಅಥವಾ ನಿಮ್ಮ ಹತ್ತಿರದ ರಕ್ತ ಸಂಬಂಧಿಗಳಿಗೆ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ಇದೆಯಾ? ಜಾನ್ಸ್ ಹಾಪ್ಕಿನ್ಸ್‌ನವರು 2008ರಲ್ಲಿ ಪ್ರಕಟಿಸಿದ ಸುರಕ್ಷತಾ ಸೂಚಿಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರ ಜೊತೆಗೆ ಸೋದರಮಾವ, ಚಿಕ್ಕಪ್ಪ, ಅಜ್ಜ, ಅಜ್ಜಿಯಂಥವರೂ ಈ ಲೆಕ್ಕಕ್ಕೆ ಬರುತ್ತಾರೆ. ಅವನು ನೆಚ್ಚಿಕೊಂಡಿರುವ ಆ ಫಾರಿನ್ ಡಾಕ್ಟರ್‌ಗಳ ಹತ್ತಿರ ಹೋಗಿದ್ದರೆ ಅವರು ಅವನನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರು.

ಈ ಮಾತನ್ನು ಅವನಿಗೆ ಹೀಗೇ ಹೇಳಿ. ಹೆದರಿಸುವುದಕ್ಕಲ್ಲ. ಸ್ಕಿಜೋಫ್ರೇನಿಯಾ ಸುಮಾರು ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಮಾವನಿಗೆ ಇದ್ದರೆ ಸೋದರಳಿಯನಿಗೆ ಆ ಸಾಧ್ಯತೆ ಸ್ವಲ್ಪ ಜಾಸ್ತಿ, ಅಷ್ಟೇ. ಮಾವನಿಗೆ ಇದೆ ಅಂತ ಇವನಿಗೂ ಬಂದೇ ಬರುತ್ತದೆ ಅಂತಿಲ್ಲ. ಆದರೆ ಗಂಡುಮಕ್ಕಳಲ್ಲಿ ಇದು ಕಾಣಿಸಿಕೊಳ್ಳುವುದು ಬಹುಪಾಲು ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಿನವರೆಗೆ. ಇವನು ಸರಿಯಾಗಿ ಆ ವಯಸ್ಸಿನಲ್ಲಿದ್ದಾನೆ. ಕೆನಡಾದ ಒಂಟಾರಿಯೊದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ಇಂಥ ಡ್ರಗ್ಸ್ ತಗೊಂಡು ತುರ್ತು ವಿಭಾಗಕ್ಕೆ ಬಂದವರಲ್ಲಿ ಮುಂದಿನ ಮೂರು ವರ್ಷದಲ್ಲಿ ಸ್ಕಿಜೋಫ್ರೇನಿಯಾ ಗುಂಪಿನ ಕಾಯಿಲೆ ಕಾಣಿಸಿಕೊಂಡದ್ದು ಸಾಮಾನ್ಯ ಜನರಿಗಿಂತ 21 ಪಟ್ಟು ಜಾಸ್ತಿ. ಬೇರೆ ಮಾನಸಿಕ ಕಾಯಿಲೆ, ಬೇರೆ ನಶೆಗಳ ಪಾಲನ್ನು ಕಳೆದರೂ ಮೂರೂವರೆ ಪಟ್ಟು ಉಳಿಯಿತು. ಡ್ರಗ್ಸೇ ಕಾಯಿಲೆ ತಂದಿತು ಅಂತ ಇದರಿಂದ ಹೇಳಲಾಗುವುದಿಲ್ಲ. ಮೊದಲೇ ಕಾಯಿಲೆಯ ಅಂಚಿನಲ್ಲಿದ್ದವರೇ ಜಾಸ್ತಿ ತಗೊಂಡಿರಬಹುದು. ಆದರೆ ಒಮ್ಮೆ ಆಸ್ಪತ್ರೆಯ ಮಟ್ಟಕ್ಕೆ ಕೆಟ್ಟದಾಗಿ ಹೋದವರ ಮೇಲೆ ಕಣ್ಣಿಡಲೇಬೇಕು ಅನ್ನುವುದಕ್ಕೆ ಇದು ಸಾಕು. ನಿಮ್ಮ ತಮ್ಮ ಆಸ್ಪತ್ರೆಗೆ ಹೋಗಲಿಲ್ಲ ಅಷ್ಟೇ, ಅವತ್ತು ಅವನ ಸ್ಥಿತಿ ಆಸ್ಪತ್ರೆಗೆ ಹೋಗುವಂಥದ್ದೇ.

ಇನ್ನು ‘ಜಾಗ’ದ ವಿಷಯ. ಇದರಲ್ಲಿ ನಿಜವೂ ಇದೆ. ಎಲ್‌ಎಸ್‌ಡಿ, ಸೈಲೋಸೈಬಿನ್ ಎರಡೂ ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ಸಂದೇಶ ಒಯ್ಯುವ ರಾಸಾಯನಿಕ ಬಂದು ಕೂರುವ ಒಂದು ಬಗೆಯ ತಾಣಗಳನ್ನು ಕೆಣಕುತ್ತವೆ. ಹೊರಗಿನಿಂದ ಬರುವ ಶಬ್ದ, ಬೆಳಕು, ಸ್ಪರ್ಶವನ್ನು ಮಿದುಳು ಸಾಮಾನ್ಯವಾಗಿ ಸೋಸಿ ತಗೊಳ್ಳುತ್ತದೆ. ಆಗ ಆ ಸೋಸುವಿಕೆ ಸಡಿಲವಾಗುತ್ತದೆ. ಸುತ್ತ ಏನಿದೆಯೋ, ಒಳಗೆ ಏನು ಭಯವಿದೆಯೋ ಎಲ್ಲ ಹತ್ತು ಪಟ್ಟಾಗಿ ನುಗ್ಗುತ್ತದೆ. ಹಾಗಾಗಿ ಕತ್ತಲು, ಅಲೆಯ ಸದ್ದು, ಪರಿಚಯವಿಲ್ಲದ ಊರು, ಪೊಲೀಸ್ ಬಂದರೆ ಅನ್ನುವ ಆತಂಕ ಎಲ್ಲ ಸೇರಿ ಅವತ್ತು ಅವನ ಭಯ ಹೆಚ್ಚಿಸಿರಬಹುದು. ಗೋಕರ್ಣದಲ್ಲಿ ಓಂ ಬೀಚಿನಾಚೆ ಹಾಫ್ ಮೂನ್, ಪ್ಯಾರಡೈಸ್ ಕಡೆಗೆ ಹೋಗುವ ಕಾಲುದಾರಿ ನೋಡಿದ್ದರೆ ನಿಮಗೇ ಗೊತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬಂಡೆ, ಕೆಳಗೆ ಸಮುದ್ರ. ಗಾಡಿ ಬರುವುದಿಲ್ಲ. ಹಗಲಲ್ಲಿ ನೆಟ್ಟಗಿದ್ದವರೇ ಅಲ್ಲಿ ಹುಷಾರಾಗಿ ಕಾಲಿಡಬೇಕು. ದೂರ, ಎತ್ತರ, ಆಳ ಯಾವುದರ ಅಂದಾಜೂ ಇಲ್ಲದ ಹುಡುಗ ರಾತ್ರಿ ನೀರಿನ ಕಡೆ ನಡೆದ ಅನ್ನುವುದನ್ನು ಓದಿ ನನಗೆ ನಿಜವಾಗಿ ಭಯವಾಯಿತು.

ಆದರೆ ಜಾಗ ಅಂದರೆ ನೋಟ ಅಲ್ಲ. ಪ್ರಯೋಗ ನಡೆಸುವವರು ‘ಜಾಗ’ ಅನ್ನುವಾಗ ಅದರೊಳಗೆ ಎಷ್ಟೊಂದು ಸೇರಿರುತ್ತದೆ ನೋಡಿ. ವಾರಗಟ್ಟಲೆ ಮುಂಚಿನ ಮಾತುಕತೆ, ಬಿ.ಪಿ., ಹೃದಯದ ತಪಾಸಣೆ. ಶುದ್ಧವಾದ ಔಷಧ. ಎಷ್ಟೋ ಪ್ರಯೋಗಗಳಲ್ಲಿ ಅದು 25 ಮಿಲಿಗ್ರಾಂ, ತೂಗಿ ಕೊಟ್ಟಿದ್ದು. ಇಡೀ ದಿನ ಪಕ್ಕದಲ್ಲಿ ಕೂರುವ, ತಾವೇನೂ ತಗೊಳ್ಳದ ಇಬ್ಬರು. ಹೆಚ್ಚುಕಮ್ಮಿಯಾದರೆ ಕೂಡಲೇ ಬರುವ ವೈದ್ಯರು. ಪೂರ್ತಿ ಇಳಿಯುವವರೆಗೆ ಹೊರಗೆ ಬಿಡುವುದಿಲ್ಲ. ಇಷ್ಟಿದ್ದೂ ಕೆಲವರು ತುಂಬಾ ಹೆದರುತ್ತಾರೆ. ಕೊಡೈಕೆನಾಲಿನ ಹೋಂಸ್ಟೇಗೆ ಒಳ್ಳೆ ಕಣಿವೆ ಕಾಣುವ ಕಿಟಕಿ ಇರಬಹುದು. ಈ ಪಟ್ಟಿಯಲ್ಲಿ ಇರುವುದು ಒಂದೂ ಅಲ್ಲಿ ಇರುವುದಿಲ್ಲ.

ಇಲ್ಲಿ ಒಂದು ಹಳೆಯ ಘಟನೆ ಹೇಳಬೇಕು. ಎಲ್‌ಎಸ್‌ಡಿಯನ್ನು ಮೊದಲು ತಯಾರಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್, 1938ರಲ್ಲಿ. 1943ರ ಏಪ್ರಿಲ್ 19ರಂದು ಅವರೇ ಬೇಕೆಂದು 250 ಮೈಕ್ರೊಗ್ರಾಂ ಕುಡಿದರು. ತೀರಾ ಕಡಿಮೆ ಅಂತ ಅವರ ಎಣಿಕೆ, ಆಮೇಲೆ ನೋಡಿದರೆ ಅದು ಜಾಸ್ತಿಯೇ. ಸೈಕಲ್‌ನಲ್ಲಿ ಮನೆಗೆ ಹೋದರು. ಪಕ್ಕದ ಮನೆಯಾಕೆ ಮಾಟಗಾತಿಯಂತೆ ಕಂಡಳು, ತಾನು ಸಾಯುತ್ತಿದ್ದೇನೆ ಅನಿಸಿತು. ಆದರೆ ಅವರ ಸಹಾಯಕಿ ದಾರಿಯುದ್ದಕ್ಕೂ ಜೊತೆಗಿದ್ದಳು. ಅವರು ಡಾಕ್ಟರನ್ನು ಕರೆಸಿದರು. ಡಾಕ್ಟರ್ ಬಂದು ನೋಡಿ, ಕಣ್ಣಿನ ಪಾಪೆ ಹಿಗ್ಗಿದ್ದು ಬಿಟ್ಟರೆ ಅಂಥದ್ದೇನೂ ಕಾಣಲಿಲ್ಲ ಅಂದರು. ಆಮೇಲೆ ಭಯ ನಿಧಾನಕ್ಕೆ ಇಳಿಯಿತು. ಏನು ತಗೊಂಡೆ, ಎಷ್ಟು ತಗೊಂಡೆ ಅಂತ ಗೊತ್ತಿದ್ದ ವಿಜ್ಞಾನಿಯೇ ಡಾಕ್ಟರನ್ನು ಕರೆಸಿದ್ದರು. ಎರಡೂ ಗೊತ್ತಿಲ್ಲದ ಹುಡುಗರು ಚಿಲಕ ಹಾಕಿದರು. ಆ ರಾತ್ರಿಯ ನಿಜವಾದ ಅಪಾಯ ಯಾವುದು ಅಂತ ಕೇಳಿದರೆ ನಾನು ಆ ಚಿಲಕವನ್ನೇ ತೋರಿಸುತ್ತೇನೆ.

ಏನು ತಗೊಂಡರು ಗೊತ್ತಿಲ್ಲ ಅಂದೆ. ಸ್ಟಾಂಪ್ ಅಂದರೆ ಕಿರುಬೆರಳಿನ ಉಗುರಿಗಿಂತ ಸಣ್ಣ ಚೂರು ಕಾಗದ. ಎಲ್‌ಎಸ್‌ಡಿ 100 ಮೈಕ್ರೊಗ್ರಾಂ ಇದ್ದರೆ ಸಾಕು, ಅಂದರೆ ಒಂದು ಗ್ರಾಮಿನ ಹತ್ತು ಸಾವಿರದ ಒಂದು ಪಾಲು. ಕಣ್ಣಿಗೆ ಕಾಣುವುದಿಲ್ಲ. ಕಾಗದದ ಮೇಲೆ ಅದೇ ಇದೆ ಅಂತ ಮಾರಿದವನಿಗೂ ಗೊತ್ತಿರುವುದಿಲ್ಲ. ಎನ್‌ಬಿಒಎಂಇ ಅನ್ನುವ ಗುಂಪಿನ ರಾಸಾಯನಿಕಗಳಿವೆ. ಇವನ್ನೂ ಹೀಗೇ ಕಾಗದಕ್ಕೆ ಹಾಕಿ ಎಲ್‌ಎಸ್‌ಡಿ ಅಂತಲೇ ಮಾರುತ್ತಾರೆ. ಇವು ರಕ್ತನಾಳಗಳನ್ನು ಬಿಗಿಹಿಡಿಯುತ್ತವೆ, ಫಿಟ್ಸ್ ತರುತ್ತವೆ, ಮೈ ಬಿಸಿ ಏರಿಸುತ್ತವೆ. ಬೇರೆ ದೇಶಗಳಲ್ಲಿ ಇದರಿಂದ ಹುಡುಗರು ಸತ್ತಿದ್ದಾರೆ. ಈ ಗುಂಪಿನ ಮೂರನ್ನು 2015ರಲ್ಲಿ ಅಂತರರಾಷ್ಟ್ರೀಯ ನಿಷೇಧಿತ ಪಟ್ಟಿಗೆ ಸೇರಿಸಿದರು. ಎಲ್‌ಎಸ್‌ಡಿಗೆ ಹೆಚ್ಚುಕಮ್ಮಿ ರುಚಿಯೇ ಇಲ್ಲ. ಎನ್‌ಬಿಒಎಂಇ ಕಹಿ, ನಾಲಿಗೆ ಜೋಮು ಹಿಡಿಯುತ್ತದೆ. ಅವತ್ತು ಹಾಗೇನಾದರೂ ಅನಿಸಿತ್ತಾ ಅಂತ ತಮ್ಮನನ್ನು ಕೇಳಿ ನೋಡಿ, ಡಾಕ್ಟರಿಗೆ ಹೇಳಲು ಬೇಕಾಗುತ್ತದೆ. ಆದರೆ ಕಹಿ ಇಲ್ಲ ಅಂದ ಮಾತ್ರಕ್ಕೆ ಅಸಲಿ ಅಂತ ತಿಳಿಯಬಾರದು.

ಇನ್ನೊಂದು ಸ್ಟಾಂಪ್ ಇಟ್ಟುಕೊಂಡ ಅಂತ ಬರೆದಿದ್ದೀರಿ. ಇದು ನಾವು ಪದೇ ಪದೇ ಕೇಳುವ ಕತೆ. ಎಲ್‌ಎಸ್‌ಡಿ ಶುರುವಾಗಲಿಕ್ಕೆ ಒಂದೂವರೆ ಗಂಟೆ ಆಗಬಹುದು, ಏರಿದ ಮೇಲೆ ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ಮೊದಲನೆಯದು ಏರುವ ಹೊತ್ತಿಗೆ ಎರಡನೆಯದೂ ಒಳಗೆ ಹೋಗಿರುತ್ತದೆ.

ಮೊಸರು, ನಿಂಬೆರಸ, ಸಕ್ಕರೆ ನೀರು ಯಾವುದೂ ಇದನ್ನು ಇಳಿಸುವುದಿಲ್ಲ. ಅಷ್ಟು ಭಯದಲ್ಲಿರುವವನಿಗೆ ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಬಹುದು. ಬಿಯರ್ ಅಂತೂ ಪೂರ್ತಿ ತಪ್ಪು. ಆಸ್ಪತ್ರೆಯಲ್ಲಿ ನಾವು ಮಾಡುವುದು ಬಹಳ ಸರಳ. ಬೆಳಕು ಕಡಿಮೆ ಇರುವ, ಗದ್ದಲವಿಲ್ಲದ ಕಡೆ ಮಲಗಿಸುತ್ತೇವೆ. ಒಬ್ಬರೇ ಮೆಲ್ಲಗೆ ಮಾತಾಡುತ್ತೇವೆ. ಜ್ವರ, ಬಿ.ಪಿ., ನಾಡಿ, ಸಕ್ಕರೆ ನೋಡುತ್ತೇವೆ. ಬೇಕಾದರೆ ಆತಂಕ ಇಳಿಸುವ ಇಂಜೆಕ್ಷನ್. ಬಹುಪಾಲು ಇಷ್ಟಕ್ಕೇ ಸರಿಹೋಗುತ್ತದೆ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಂಟು ಜನ ಕೊಕೇನ್ ಅಂದುಕೊಂಡು ಎಲ್‌ಎಸ್‌ಡಿ ಪುಡಿಯನ್ನು ಮೂಗಿಗೆ ಏರಿಸಿಕೊಂಡಿದ್ದರು. ಸಾಮಾನ್ಯ ಪ್ರಮಾಣಕ್ಕಿಂತ ಎಷ್ಟೋ ಪಟ್ಟು. ಕೆಲವರಿಗೆ ಪ್ರಜ್ಞೆ ತಪ್ಪಿತು, ಜ್ವರ ಏರಿತು. ಆಸ್ಪತ್ರೆಗೆ ಬಂದಿದ್ದರಿಂದ ಎಂಟೂ ಜನ ಉಳಿದರು.

ನಮ್ಮ ತುರ್ತು ವಿಭಾಗದಲ್ಲಿ ತೊಡಕಾಗುವುದು ಬೇರೆ ಕಡೆ. ಹುಡುಗನನ್ನು ಇಬ್ಬರು ಹಿಡಿದುಕೊಂಡಿರುತ್ತಾರೆ, ಕೈಗೆ ಟವೆಲ್ ಕಟ್ಟಿರುತ್ತದೆ, ಮೈ ಕೆಂಡದ ಹಾಗೆ ಸುಡುತ್ತಿರುತ್ತದೆ. ‘ಏನು ತಗೊಂಡಿದ್ದಾನೆ?’ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ‘ಜ್ಯೂಸಲ್ಲಿ ಯಾರೋ ಏನೋ ಹಾಕಿದ್ರು ಮೇಡಂ’ ಅಂತಾರೆ. ಆ ಸುಳ್ಳಿಗೆ ಹೋಗುವ ಅರ್ಧ ಗಂಟೆಯಲ್ಲಿ ನಾವು ಮಿದುಳಿನ ಸೋಂಕು, ತಲೆಗೆ ಪೆಟ್ಟು ಅಂತ ಎಲ್ಲೆಲ್ಲೋ ಹುಡುಕುತ್ತಿರುತ್ತೇವೆ. ಏನು, ಎಷ್ಟು, ಯಾವಾಗ, ಜೊತೆಗೆ ಇನ್ನೇನು, ದಿನಾ ಯಾವ ಮಾತ್ರೆ. ಈ ಐದು ಮಾತು ಸರಿಯಾಗಿ ಹೇಳಿದರೆ ಸಾಕು. ಮಾತ್ರೆಯ ವಿಷಯ ಯಾಕೆ ಅಂದರೆ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯ ಜೊತೆ ಎಲ್‌ಎಸ್‌ಡಿ, ಅಣಬೆಯಂಥವು ಸೇರಿದಾಗ ಫಿಟ್ಸ್ ಬಂದ ಉದಾಹರಣೆಗಳು ಬಹಳ. ನೋವಿನ ಮಾತ್ರೆ ಟ್ರಮಡಾಲ್ ಕೂಡ ಅಪಾಯ.

‘ಅಣಬೆ ನೈಸರ್ಗಿಕ’ ಅಂತ ಈ ಹುಡುಗರು ಸಾಮಾನ್ಯವಾಗಿ ಹೇಳುವ ಮಾತಿಗೆ ಮಲೆನಾಡಿನವರಾದ ನಿಮಗೆ ನಾನು ಉತ್ತರ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಅಣಬೆ ಕೀಳಲು ಹೋಗುವ ಅಜ್ಜಿಯರು ಕೂಡ ಅನುಮಾನ ಬಂದದ್ದನ್ನು ಮುಟ್ಟದೆ ಬರುತ್ತಾರೆ. ಇವರು ಕೊಳ್ಳುವುದು ಯಾರೋ ಒಣಗಿಸಿ ಪೊಟ್ಟಣ ಕಟ್ಟಿದ್ದನ್ನು. ಸಣ್ಣ ಕಂದು ಅಣಬೆಗಳಲ್ಲಿ ಕೆಲವು ಯಕೃತ್ತನ್ನೇ ಕೊಲ್ಲುವ ವಿಷದವು. ಅದರ ವಾಂತಿ ಭೇದಿ ಶುರುವಾಗುವುದು ಆರು ಗಂಟೆಯೋ ಹನ್ನೆರಡು ಗಂಟೆಯೋ ಕಳೆದ ಮೇಲೆ. ನಡುವೆ ಒಂದು ದಿನ ಗುಣವಾದ ಹಾಗೆ ಅನಿಸಿ, ಆಮೇಲೆ ಕಾಮಾಲೆಯಾಗುತ್ತದೆ. ಸರಿಯಾದ ಅಣಬೆಯೇ ಸಿಕ್ಕಿತು ಅಂದುಕೊಳ್ಳಿ, ಒಂದರಲ್ಲಿರುವ ಶಕ್ತಿ ಇನ್ನೊಂದರಲ್ಲಿ ಇರುವುದಿಲ್ಲ, ಅಳತೆ ಯಾರ ಕೈಯಲ್ಲೂ ಇಲ್ಲ. ನೈಸರ್ಗಿಕ ಅನ್ನುವುದಾದರೆ ಮದ್ದುಗುಣಿಕೆಯೂ ನೈಸರ್ಗಿಕವೇ, ಹಿತ್ತಲಲ್ಲೇ ಬೆಳೆಯುತ್ತದೆ. ಅದರ ಬೀಜ ತಿಂದು ಬಾಯಿ ಒಣಗಿ, ಮೂತ್ರ ಕಟ್ಟಿ, ಮೂರು ದಿನ ಮನೆಯವರ ಗುರುತೇ ಸಿಗದೆ ಮಲಗಿದವರನ್ನು ನೋಡಿದ್ದೇನೆ.

2016ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರೇ, ಅಣಬೆ ತಿಂದು ಕೆಟ್ಟ ಅನುಭವ ಆದ 1,993 ಜನರನ್ನು ಕೇಳಿ ಬರೆದ ಸಮೀಕ್ಷೆ ಇದೆ. ಅವರಲ್ಲಿ ನೂರಕ್ಕೆ ಸುಮಾರು 11 ಜನ ತಮ್ಮನ್ನೋ ಬೇರೆಯವರನ್ನೋ ಪೆಟ್ಟಾಗುವ ಅಪಾಯಕ್ಕೆ ದೂಡಿದ್ದರು. ಆಸ್ಪತ್ರೆಯ ನೆರವು ಪಡೆದವರು ನೂರಕ್ಕೆ ಮೂರು ಜನವೂ ಇಲ್ಲ. ಈ ಎರಡು ಸಂಖ್ಯೆಗಳ ನಡುವಿನ ಅಂತರ ಇದೆಯಲ್ಲ, ನಿಮ್ಮ ತಮ್ಮ ಅವತ್ತು ಅಲ್ಲೇ ಇದ್ದ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಮಿದುಳು ಶಾಶ್ವತವಾಗಿ ಹಾಳಾಗಿದೆಯಾ? ಬಹುಶಃ ಇಲ್ಲ. ಎಲ್‌ಎಸ್‌ಡಿ ಬೆನ್ನುಮೂಳೆಯಲ್ಲಿ ಜೀವನಪೂರ್ತಿ ಉಳಿಯುತ್ತದೆ ಅನ್ನುವುದು ಸುಳ್ಳು, ಒಂದೆರಡು ದಿನದಲ್ಲಿ ಮೈಯಿಂದ ಹೋಗಿಬಿಡುತ್ತದೆ. ಹೆಂಡ, ಹೆರಾಯಿನ್ ಥರ ಇದಕ್ಕೆ ದೇಹ ಅಂಟಿಕೊಳ್ಳುವುದೂ ಇಲ್ಲ. ಬೆಳಕಿನ ಹಿಂದೆ ಗೆರೆ ಕಾಣುವುದು ಕೆಲವರಿಗೆ ಹೀಗೆ ಉಳಿಯುತ್ತದೆ. ಹೆಚ್ಚಿನವರಲ್ಲಿ ವಾರಗಳಲ್ಲಿ, ತಿಂಗಳುಗಳಲ್ಲಿ ಮಾಸುತ್ತದೆ. ಗಾಂಜಾ ಸೇದಿದರೆ ಜಾಸ್ತಿಯಾಗುತ್ತದೆ. ನಿದ್ದೆಗೆಟ್ಟರೂ ಜಾಸ್ತಿ. ಅದು ಹೋಗುವವರೆಗೆ ರಾತ್ರಿ ಬೈಕ್ ಓಡಿಸುವುದು ಬೇಡ.

ಸುಮ್ನೆ ಕಾದು ನೋಡಬಹುದಾ? ಮಾವನ ಕಾಯಿಲೆ ಇಲ್ಲದಿದ್ದರೆ ನಾನು ಇನ್ನೊಂದೆರಡು ವಾರ ಕಾಯಿರಿ ಅನ್ನುತ್ತಿದ್ದೆನೇನೋ. ಈಗ ಅನ್ನುವುದಿಲ್ಲ. ಮೂರು ವಾರದಿಂದ ನಿದ್ದೆ ಸರಿಯಿಲ್ಲ ಅನ್ನುವುದು ಸಣ್ಣ ವಿಷಯವಲ್ಲ. ಈ ವಾರವೇ ಮನೋವೈದ್ಯರನ್ನು ಕಾಣಲಿ. ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಹೋಗಬಹುದು. ಮೊದಲು ಫೋನಿನಲ್ಲಿ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಕೊಟ್ಟೇ ಕೊಡುತ್ತಾರೆ ಅಂತಿಲ್ಲ. ನಿದ್ದೆ ಸರಿ ಮಾಡಿ, ಆ ರಾತ್ರಿಯ ಬಗ್ಗೆ ಮಾತಾಡಿಸಿ, ಕೆಲವು ತಿಂಗಳು ಕರೆಸಿ ನೋಡುತ್ತಾರೆ.

ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಅನ್ನುವುದು, ಇಲ್ಲದ ಮಾತು ಕೇಳಿಸುವುದು, ಎರಡು ರಾತ್ರಿ ಮಲಗದಿದ್ದರೂ ದಣಿವಿಲ್ಲದೆ ಓಡಾಡುವುದು, ಗೆಳೆಯರನ್ನೂ ಬಿಟ್ಟು ಬಾಗಿಲು ಹಾಕಿಕೊಳ್ಳುವುದು, ಸಾಯುವ ಮಾತು. ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅದೇ ದಿನ ಕರೆದುಕೊಂಡು ಹೋಗಿ. ಆಗ ಅಪ್ಪ ಅಮ್ಮನಿಗೂ ಹೇಳಲೇಬೇಕು. ಹಾಗಿಲ್ಲದಿದ್ದರೆ ಹೇಳುವುದನ್ನು ಅವನಿಗೇ ಬಿಡಿ. ಅವನು ನಿಮ್ಮನ್ನು ನಂಬಿ ಹೇಳಿದ್ದಾನೆ. ಆ ನಂಬಿಕೆ ಮುರಿದರೆ ಮುಂದಿನ ಸಲ ನಿಮಗೂ ಹೇಳುವುದಿಲ್ಲ. ‘ಡಾಕ್ಟರ್ ಹತ್ತಿರ ನನ್ನ ಜೊತೆ ಬಾ, ಮನೆಯಲ್ಲಿ ನಾನು ಹೇಳಲ್ಲ’ ಅನ್ನುವ ಒಪ್ಪಂದ ಮಾಡಿಕೊಳ್ಳಿ. ನನ್ನ ಅನುಭವದಲ್ಲಿ ಅಕ್ಕಂದಿರ ಈ ಮಾತಿಗೆ ಹುಡುಗರು ಬರುತ್ತಾರೆ.

ಕೇಸಿನ ವಿಷಯದಲ್ಲಿ ಸುಳ್ಳು ಧೈರ್ಯ ಹೇಳುವುದಿಲ್ಲ. ಹೊರರೋಗಿಯಾಗಿ ಬಂದು ‘ಹಿಂದೆ ತಗೊಂಡಿದ್ದೆ’ ಅಂದರೆ ನಾವು ಪೊಲೀಸರಿಗೆ ಹೇಳುವುದಿಲ್ಲ. ರೋಗಿಯ ಗುಟ್ಟು ಕಾಪಾಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ತುರ್ತು ವಿಭಾಗಕ್ಕೆ ವಿಷ ಸೇರಿದ ಪ್ರಕರಣ ಅಂತ ಬಂದರೆ ಆಸ್ಪತ್ರೆಗಳು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ಪ್ರಕರಣ ಅಂತ ದಾಖಲೆ ಬರೆಯುವುದು ವಾಡಿಕೆ, ಪೊಲೀಸರಿಗೆ ತಿಳಿಸುತ್ತಾರೆ. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಸೇವನೆಗೆ ಗರಿಷ್ಠ ಒಂದು ವರ್ಷದವರೆಗೆ ಜೈಲಾಗಬಹುದು. ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಬಂದರೆ ರಿಯಾಯಿತಿಗೂ ಅದರಲ್ಲೇ ಅವಕಾಶ ಇದೆ. ಆದರೆ ಇಟ್ಟುಕೊಳ್ಳುವುದು ಬೇರೆ ಮಾತು. ಎಲ್‌ಎಸ್‌ಡಿ ಲೆಕ್ಕದಲ್ಲಿ ಬರೀ 0.1 ಗ್ರಾಂ ದಾಟಿದರೆ ವ್ಯಾಪಾರದ ಪ್ರಮಾಣ, ಕನಿಷ್ಠ ಹತ್ತು ವರ್ಷ ಶಿಕ್ಷೆ. ಬೆರಕೆಯ ತೂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಟಾಂಪಿನ ಕಾಗದದ ತೂಕ ಸೇರುತ್ತದಾ ಅನ್ನುವುದರ ಮೇಲೆ ಹೈಕೋರ್ಟ್‌ಗಳಲ್ಲಿ ವಾದಗಳಾಗಿವೆ. ಎಲ್ಲರ ಪಾಲಿನದನ್ನೂ ಒಬ್ಬ ಹುಡುಗ ತನ್ನ ಪರ್ಸಿನಲ್ಲಿ ಇಟ್ಟುಕೊಂಡು ಬಸ್ ಹತ್ತುತ್ತಾನಲ್ಲ, ಅವನಿಗೆ ಇದು ಗೊತ್ತಿರಬೇಕು. ಅಣಬೆಯ ಸೈಲೋಸೈಬಿನ್ ಕೂಡ ಅದೇ ಕಾಯ್ದೆಯ ಪಟ್ಟಿಯಲ್ಲಿದೆ.

ಕೊಡೈಕೆನಾಲ್ ಬೇಡ ಅಂತ ನನ್ನ ಖಚಿತ ಸಲಹೆ. ಇವನ ಮಟ್ಟಿಗೆ ಒಳ್ಳೆ ಜಾಗ ಅಂತ ಒಂದಿಲ್ಲ. ಆದರೂ ಅವನ ಗೆಳೆಯರು ಹೋಗಿಯೇ ಹೋಗುತ್ತಾರೆ ಅನ್ನುವುದಾದರೆ ಅವರಿಗೆ ಈ ಮಾತು ತಲುಪಿಸಿ. ನೀರು, ಎತ್ತರ, ರಸ್ತೆಯ ಹತ್ತಿರ ಇರಬಾರದು. ಏನೂ ತಗೊಳ್ಳದ ಒಬ್ಬ ಜೊತೆಗಿರಲೇಬೇಕು. ಹೆಂಡ, ಗಾಂಜಾ ಸೇರಿಸಬಾರದು. ಏರಲಿಲ್ಲ ಅಂತ ಇನ್ನೊಮ್ಮೆ ತಗೊಳ್ಳಬಾರದು. ಯಾರಾದರೂ ಹೆದರಿದರೆ ‘ಇದು ಇಳಿಯುತ್ತೆ, ನಾನು ಇಲ್ಲೇ ಇದ್ದೀನಿ’ ಅಂತ ಮೆಲ್ಲಗೆ ಹೇಳುತ್ತಾ ಕೂರಬೇಕು. ಕೈಕಾಲು ಕಟ್ಟುವುದು, ಬೋರಲು ಹಾಕಿ ಮೇಲೆ ಕೂರುವುದು ಬೇಡ, ಉಸಿರು ನಿಂತೀತು. ಒಬ್ಬನೇ ಇರುವ ಹಾಗೆ ಬಾಗಿಲು ಹಾಕಲೇಬಾರದು. ಮೈ ಸುಡುತ್ತಿದ್ದರೆ, ಫಿಟ್ಸ್ ಬಂದರೆ, ಎದೆ ನೋವು ಅಂದರೆ, ಎಬ್ಬಿಸಿದರೆ ಏಳದಿದ್ದರೆ, ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳುವ ಹಾಗಿದ್ದರೆ ತಕ್ಷಣ 108ಕ್ಕೆ ಫೋನ್. ಫಿಟ್ಸ್ ಬಂದವನ ಕೈಗೆ ಕೀಲಿಗೊಂಚಲು ಕೊಡುವುದು, ಬಾಯಿಗೆ ಬಟ್ಟೆ ತುರುಕುವುದು ಬೇಡ. ಎಡ ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಅಣಬೆ ತಿಂದು ಮರುದಿನ ವಾಂತಿ ಭೇದಿ ಶುರುವಾದರೆ, ಉಳಿದ ಚೂರಿದ್ದರೆ ಅದನ್ನೂ ತಗೊಂಡು ನೇರ ದೊಡ್ಡ ಆಸ್ಪತ್ರೆಗೆ ಹೋಗಲಿ.

ಡಾಕ್ಟರನ್ನು ಕಾಣಲು ಹೋಗುವಾಗ ಮಾವ ಈಗ ತಗೊಳ್ಳುವ ಮಾತ್ರೆಗಳ ಹೆಸರು, ಅವರಿಗೆ ಕಾಯಿಲೆ ಮೊದಲು ಹೇಗೆ ಶುರುವಾಯಿತು ಅನ್ನುವುದನ್ನು ಅಮ್ಮನ ಹತ್ತಿರ ಕೇಳಿ ಬರೆದುಕೊಂಡು ಹೋಗಿ. ಯಾಕೆ ಕೇಳುತ್ತಿದ್ದೀಯಾ ಅಂದರೆ, ನಿಮಗೇ ನಿಮ್ಮ ಆರೋಗ್ಯದ ಫಾರಂ ತುಂಬಲು ಬೇಕು ಅನ್ನಬಹುದು. ಅದು ಸುಳ್ಳೂ ಅಲ್ಲ, ಅವರು ನಿಮಗೂ ಸೋದರಮಾವನೇ.